ತಗಡಿನಡಿಯ ಕುಂಕುಮ

“ಬಿಚ್ಚ್ರಿ ಹವಾಲ್ದಾರ್ರ,” ಎಂದಳು ಅನ್ನಪೂರ್ಣಾ. “ಕೋರ್ಟಿನ ಅಪ್ಪಣಿ ಕೈಯಾಗ ಹಿಡಕೊಂಡ ಬಂದೇನಿ. ಮತ್ತ ಯಾರ ಮಾರಿ ನೋಡಾಕ ಹತ್ತೀರಿ?”

ಹವಾಲ್ದಾರ ಅರ್ಜುನಪ್ಪ ನೋಡುತ್ತಿದ್ದದ್ದು ಈಶಪ್ಪನ ಮುಖವನ್ನು. ಗಜೇಂದ್ರಗಡದ ಗುಡ್ಡದ ಬೆನ್ನಿಗಿರುವ ಈ ಪಿಸ್ತೂಲು ಕ್ಲಬ್ಬಿಗೆ ಈಶಪ್ಪ ಅಧ್ಯಕ್ಷ. ನರಗುಂದದ ಪೇಟೆಯಲ್ಲಿ ದೊಡ್ಡ ಅಡತಿ ಅಂಗಡಿ, ಅಸೂಟಿಯ ಕಡೆ ಎರಿ ಹೊಲ, ಹಣೆಯ ಮೇಲೆ ಢಾಳಾದ ವಿಭೂತಿ. ಅವನು ಹ್ಞೂಂ ಅನ್ನದೆ ಇಲ್ಲಿ ಫ್ಯಾನು ಸಹ ತಿರುಗುವುದಿಲ್ಲ. ಆದರೆ ಮೇಜಿನ ಮೇಲಿದ್ದ, ಅರಗಿನ ಮುದ್ರೆಯೊತ್ತಿದ ಆ ಪೊಟ್ಟಣ ಈಗ ಈಶಪ್ಪನದಲ್ಲ, ಸರಕಾರದ್ದು. ಇಷ್ಟು ವರ್ಷ ಖಾಕಿ ಹಾಕಿದವನಿಗೆ ಅಷ್ಟೂ ತಿಳಿಯದೇ ಎಂದು ಅನ್ನಪೂರ್ಣಾಳಿಗೆ ಮೈಯೆಲ್ಲ ಉರಿಯಿತು. ಅವಳೂ ಒಂದು ಕಾಲಕ್ಕೆ ಖಾಕಿ ಹಾಕಿದವಳೇ. ದೊಡ್ಡವರ ಮುಖ ನೋಡಿ ಕೆಲಸ ಮಾಡುವ ಈ ಚಾಳಿಯನ್ನು ಸಹಿಸಲಾರದೆ ನೌಕರಿ ಬಿಟ್ಟು, ರೋಣದಲ್ಲಿ ಬೀಜದಂಗಡಿಯ ಮಾಳಿಗೆ ಮೇಲೆ ಖಾಸಗಿ ಪತ್ತೇದಾರಿಕೆಯ ಫಲಕ ತೂಗುಹಾಕಿದವಳು.

ಅರ್ಜುನಪ್ಪ ಕೊನೆಗೂ ಮುದ್ರೆ ಒಡೆದ. ಪಿಸ್ತೂಲು ಹೊರಬಂತು.

ಅದರ ಬೆನ್ನ ಮೇಲೆ ಇರಬೇಕಾಗಿದ್ದ ರೆಡ್ ಡಾಟ್ ಇರಲಿಲ್ಲ. ಬೆಂಕಿಪೊಟ್ಟಣದಷ್ಟು ಗಾತ್ರದ ಗುರಿಯಂತ್ರ ಅದು. ಅದರ ಗಾಜಿನಲ್ಲಿ ಕಾಣುವ ಕೆಂಪು ಚುಕ್ಕೆಯನ್ನು ಎಲ್ಲಿ ಇಟ್ಟರೆ ಗುಂಡು ಅಲ್ಲಿ ಹೋಗುತ್ತದೆ. ಬನ್ನಿಹಬ್ಬದ ಮರುದಿನ ಇದೇ ಕ್ಲಬ್ಬಿನ ಪಂದ್ಯದಲ್ಲಿ ಅದು ಗುಂಡಿನ ಹೊಡೆತಕ್ಕೆ ಕಿತ್ತು, ಹಿಂದಕ್ಕೆ ಚಿಮ್ಮಿ, ಶಿರೋಳದ ಅನಿತಾಳ ಬಲಗಣ್ಣಿಗೆ ಬಡಿದಿತ್ತು. ಕ್ಲಬ್ಬಿನವರು ಕೊಟ್ಟಿದ್ದ ಅಗ್ಗದ ಕನ್ನಡಕ ಹಪ್ಪಳದ ಹಾಗೆ ಪುಡಿಯಾಯಿತು. ಕಣ್ಣು ಉಳಿಯಲಿಲ್ಲ. ಕೂಲಿಯವರ ಮನೆಯ ಹುಡುಗಿ, ರಾಜ್ಯ ತಂಡಕ್ಕೆ ಆಯ್ಕೆಯಾಗುವ ಹೊಸ್ತಿಲಲ್ಲಿ ಇದ್ದವಳು, ಈಗ ಹುಬ್ಬಳ್ಳಿಯ ದವಾಖಾನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ.

ಜೈಲಿಗೆ ಹೋದವನು ಫಕೀರೇಶ. ಕ್ಲಬ್ಬಿನ ಆಯುಧಗಳನ್ನು ನೋಡಿಕೊಳ್ಳುವ ಬೆಳವಣಕಿಯ ಹುಡುಗ. ಅನಿತಾ ಬಿದ್ದಾಗ ತನ್ನ ಅಂಗಿ ಬಿಚ್ಚಿ ಅವಳ ಕಣ್ಣಿಗೆ ಒತ್ತಿ ಹಿಡಿದು, ಎತ್ತಿಕೊಂಡು ಗುಡ್ಡ ಇಳಿದವನು ಅವನೇ. ಅದೇ ರಕ್ತದ ಅಂಗಿಯ ಸಮೇತ ಅವನನ್ನು ಹಿಡಿದರು. ಲಗ್ನಕ್ಕೆ ಒಲ್ಲೆ ಅಂದಳೆಂಬ ಸಿಟ್ಟಿಗೆ ಬೇಕೆಂತಲೇ ತಪ್ಪು ತಗಡು ಹಾಕಿದ ಎಂದು ದೂರು ಕೊಟ್ಟವನು ಈಶಪ್ಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ ಇದು ಎಂದು ಅನ್ನಪೂರ್ಣಾಳಿಗೆ ಮೊದಲ ದಿನವೇ ಅನ್ನಿಸಿತ್ತು. ನಾಳೆ ರೋಣದ ಕೋರ್ಟಿನಲ್ಲಿ ಅವನ ಜಾಮೀನಿನ ವಿಚಾರಣೆ. ನಾಳೆ ಸಿಗದಿದ್ದರೆ ಹುಡುಗ ಎಷ್ಟು ಕಾಲ ಒಳಗೆ ಕೊಳೆಯಬೇಕೋ ದೇವರೇ ಬಲ್ಲ.

ಎಲ್ಲ ನಿಂತಿದ್ದದ್ದು ಒಂದು ತಗಡಿನ ಮೇಲೆ.

ರೆಡ್ ಡಾಟನ್ನು ಪಿಸ್ತೂಲಿನ ಮೇಲೆ ನೇರವಾಗಿ ಕೂರಿಸಲಾಗುವುದಿಲ್ಲ. ಒಂದೊಂದು ಕಂಪನಿಯ ರೆಡ್ ಡಾಟಿಗೆ ಒಂದೊಂದು ನಮೂನೆಯ ತಳ. ಅದಕ್ಕೇ ನಡುವೆ ಒಂದು ತೆಳು ಉಕ್ಕಿನ ತಗಡು ಬೇಕು. ಕೆಳಗೆ ಪಿಸ್ತೂಲಿನ ಬೆನ್ನಿಗೆ ಒಪ್ಪಬೇಕು, ಮೇಲೆ ರೆಡ್ ಡಾಟಿನ ತಳಕ್ಕೆ ಒಪ್ಪಬೇಕು. ಪಿಸ್ತೂಲಿನ ಜೊತೆ ಪೆಟ್ಟಿಗೆಯಲ್ಲಿ ಇಂಥ ಹಲವು ತಗಡು ಬಂದಿದ್ದವು, ಪ್ರತಿಯೊಂದರ ಮೇಲೂ ಒಂದು ಅಂಕಿ ಕೊರೆದಿತ್ತು. ಅದರೊಳಗಿಂದ ಸರಿಯಾದದ್ದನ್ನು ಆರಿಸುವುದೇ ಫಕೀರೇಶನ ಕೆಲಸವಾಗಿತ್ತು.

ಜೈಲಿನ ಜಾಳಿಗೆಯಾಚೆ ನಿಂತು ಅವನು ಹೇಳಿದ್ದು ಇಷ್ಟು. ತಾನು ಹಾಕಿದ ತಗಡಿಗೆ ಜೋಳದ ಕಾಳಿನಷ್ಟು ಎರಡು ಗೂಟ ಇದ್ದವು. ಅವು ರೆಡ್ ಡಾಟಿನ ತಳದ ಕುಳಿಗಳಲ್ಲಿ ಕೂತು ಗುಂಡಿನ ಹೊಡೆತ ತಡೆಯುತ್ತವೆ, ಸ್ಕ್ರೂ ಇರುವುದು ಬರೀ ಹಿಡಿದಿಟ್ಟುಕೊಳ್ಳುವುದಕ್ಕೆ. ಈಗ ಪಿಸ್ತೂಲಿನ ಮೇಲೆ ಉಳಿದಿರುವ ತಗಡಿಗೆ ಗೂಟವೇ ಇಲ್ಲ. ಬೋಳು ತಗಡು. ಇಡೀ ಹೊಡೆತ ಎರಡು ಸಣ್ಣ ಸ್ಕ್ರೂಗಳ ಮೇಲೆ ಬಿದ್ದು ಎರಡೂ ಕತ್ತರಿಸಿಹೋಗಿವೆ. ನೊಗಕ್ಕೆ ಗೂಟ ಹಾಕದೆ ಬರೀ ಹಗ್ಗದ ಮೇಲೆ ಎತ್ತು ಹೂಡಿದ ಹಾಗಾಗಿದೆ.

ತಾನು ಅದನ್ನು ಹಾಕಿಲ್ಲ ಅನ್ನುತ್ತಾನೆ ಫಕೀರೇಶ. ಅವನೇ ಹಾಕಿದ್ದು, ಆಮೇಲೆ ಯಾರೂ ಮುಟ್ಟಿಲ್ಲ ಅನ್ನುತ್ತಾರೆ ಉಳಿದವರೆಲ್ಲ. ಪೊಲೀಸರಿಗೆ ಹೇಳಿಕೆ ಕೊಡುವಾಗ ಅನಿತಾಳೂ ಅದನ್ನೇ ಹೇಳಿದ್ದಳು. ಅನ್ನಪೂರ್ಣಾ ದವಾಖಾನೆಗೆ ಹೋದಾಗ ಆ ಹುಡುಗಿಯ ಕೈ ಹಿಡಿದು ಕೂತು ತಾನೂ ಅತ್ತು ಬಂದಿದ್ದಳು. ಪಾಪ, ಕಂಡದ್ದನ್ನು ಹೇಳಿದ್ದಾಳೆ, ಅವಳದೇನು ತಪ್ಪು ಎಂದುಕೊಂಡಿದ್ದಳು.

“ಈಶಪ್ಪನವರ, ಒಂದ್ ಮಾತ ಹವಾಲ್ದಾರ್ರ ಮುಂದ ಹೇಳಿಬಿಡ್ರಿ,” ಎಂದಳು ಅನ್ನಪೂರ್ಣಾ. “ಫಕೀರೇಶ ತಗಡ ಹಾಕಿದ ಮ್ಯಾಲೆ ಇದನ್ನ ಯಾರರೆ ಬಿಚ್ಚಿದ್ರ?”

ಈಶಪ್ಪ ನಕ್ಕ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ. ತಗಡು ಹಾಕಿದ್ದು ಮಹಾನವಮಿಗೆ ಮುಂಚೆ. ನವಮಿಯ ಸಂಜೆ ಇದೇ ಹಾಲಿನಲ್ಲಿ ಖಂಡೇ ಪೂಜೆಯಾಯಿತು. ಪಿಸ್ತೂಲು, ತಗಡಿನ ಪೆಟ್ಟಿಗೆ, ಸ್ಕ್ರೂ ಬಿಚ್ಚುವ ಕೀಲಿ, ಎಲ್ಲವನ್ನೂ ಕಂಬಳಿಯ ಮೇಲೆ ಸಾಲಾಗಿ ಇಟ್ಟು ಅಯ್ಯನವರು ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದರು. ಪೂಜೆಗೆ ಇಟ್ಟ ಆಯುಧವನ್ನು ಬನ್ನಿ ಮುಡಿಯುವ ತನಕ ಮುಟ್ಟುವುದುಂಟೆ? ಹಾಲಿಗೆ ಬೀಗ ಹಾಕಿ ಎಲ್ಲರೂ ಹಬ್ಬಕ್ಕೆ ಹೋದರು. ಫಕೀರೇಶನೂ ಬೆಳವಣಕಿಗೆ ಹೋದ. ಪಂದ್ಯದ ಬೆಳಿಗ್ಗೆ ಬೀಗ ತೆಗೆದು, ಪಿಸ್ತೂಲನ್ನು ತಾನೇ ಅನಿತಾಳ ಕೈಗೆ ಕೊಟ್ಟೆ ಎಂದ ಈಶಪ್ಪ.

ಹೌದು, ಕೊಟ್ಟಿದ್ದ. ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಕೊಟ್ಟಿದ್ದ. ಆಯುಧ ನೋಡಿಕೊಳ್ಳುವವನು ಒಂದು ಸಲ ಕೈಯಲ್ಲಿ ಹಿಡಿದು ಪರೀಕ್ಷಿಸಲಿ ಎಂಬ ಪುರುಸೊತ್ತೂ ಈ ಮಹಾನುಭಾವನಿಗೆ ಇರಲಿಲ್ಲ.

“ಅಂದ್ರ ಪೂಜಿ ಆದ ಮ್ಯಾಲೆ ಯಾರೂ ಮುಟ್ಟಿಲ್ಲ. ಖರೇನ?”

“ಖರೇರಿ. ದೇವರ ಮ್ಯಾಲೆ ಆಣಿ.”

“ಹವಾಲ್ದಾರ್ರ, ಈಗ ತಗಡ ಬಿಚ್ಚ್ರಿ.”

ಅರ್ಜುನಪ್ಪ ಮೊಬೈಲನ್ನು ವಿಡಿಯೋಕ್ಕೆ ಇಟ್ಟು, ತಗಡನ್ನು ಪಿಸ್ತೂಲಿಗೆ ಹಿಡಿದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿದ. ಅವು ಗಟ್ಟಿಯಾಗಿರಲೂ ಇಲ್ಲ, ಸಲೀಸಾಗಿ ಬಂದವು. ತಗಡು ಎದ್ದಿತು. ಅನ್ನಪೂರ್ಣಾ ಚಿಮಟದಲ್ಲಿ ಹಿಡಿದು ಅದನ್ನು ಮಗುಚಿದಳು.

ತಗಡಿನ ಕೆಳಮೈಯಲ್ಲಿ ಕುಂಕುಮ.

ಎಣ್ಣೆಯಲ್ಲಿ ಕಲಸಿದ ಕೆಂಪು ಕುಂಕುಮ, ಯಾರದೋ ಬೆರಳು ಒರೆಸಿದ ಗುರುತಿನಂತೆ ಉದ್ದಕ್ಕೆ ಹತ್ತಿಕೊಂಡಿತ್ತು. ಬೆರಳಚ್ಚಿನ ಗೆರೆ ಮೂಡುವಷ್ಟು ಸ್ಪಷ್ಟವಿಲ್ಲ, ಆದರೆ ಬೆರಳು ಬೆರಳೇ. ಪಿಸ್ತೂಲಿನ ಬೆನ್ನ ಕುಳಿಯಲ್ಲೂ ಅದೇ ಕೆಂಪು.

ಅನ್ನಪೂರ್ಣಾ ತಗಡನ್ನು ಈಶಪ್ಪನ ಮೂಗಿನ ಹತ್ತಿರವೇ ಹಿಡಿದಳು. ಅವಳ ಧ್ವನಿ ಏರಲಿಲ್ಲ.

“ತಗಡ ಮೊದಲ ಕುಂತಿತ್ತು, ಪೂಜಿ ಆಮ್ಯಾಲೆ ಆತು ಅಂದ್ರಿ. ಹಂಗಾದ್ರ ಮುಚ್ಚಿಕೊಂಡ ಜಾಗಾಕ್ಕ ಪೂಜಿ ಕುಂಕುಮ ಹ್ಯಾಂಗ ಹೋತ್ರಿ ಸಾವ್ಕಾರ್ರ? ಪೂಜಿ ಆದ ಮ್ಯಾಲೆ ಯಾರೋ ಇದನ್ನ ಬಿಚ್ಯಾರ. ಕುಂಕುಮದ ಕೈಲೆ ಈ ಬೋಳು ತಗಡ ಹಾಕ್ಯಾರ. ಆ ಹೊತ್ತಿಗೆ ಫಕೀರೇಶ ಬೆಳವಣಕ್ಯಾಗ ಇದ್ದ. ನೀವ ಹೇಳೀರಿ ಅದನ್ನ, ಈಗಿನ್ನ.”

ಈಶಪ್ಪನ ನಗೆ ಆರಿಹೋಯಿತು. ಅವನು ಒಮ್ಮೆ ತಗಡನ್ನು, ಒಮ್ಮೆ ಮೊಬೈಲನ್ನು ನೋಡಿದ. ಅನ್ನಪೂರ್ಣಾ ಬಿಡಲಿಲ್ಲ. ಪೆಟ್ಟಿಗೆ ತರಿಸಿ ಮೇಜಿನ ಮೇಲೆ ತೆರೆದಿಟ್ಟಳು. ಪೆಟ್ಟಿಗೆಯ ತಗಡುಗಳಿಗೆಲ್ಲ ಅಂಕಿ ಕೊರೆದಿತ್ತು, ಗೂಟದ ತಗಡಿನ ಗೂಡು ಮಾತ್ರ ಖಾಲಿ ಇತ್ತು. ಈ ಬೋಳು ತಗಡಿಗೆ ಅಂಕಿಯೇ ಇಲ್ಲ. ಇದು ಪೆಟ್ಟಿಗೆಯ ಜೊತೆ ಬಂದದ್ದೇ ಅಲ್ಲ, ಯಾರೋ ಎಲ್ಲೋ ಲೇತಿನಲ್ಲಿ ಮಾಡಿಸಿದ ಕಳ್ಳ ಮಾಲು. ಹೆಣ್ಣುಮಗಳೊಬ್ಬಳ ಕಣ್ಣು ಹೋಗಿದೆ, ಬಡವರ ಮಗನೊಬ್ಬ ಜೈಲಿನಲ್ಲಿದ್ದಾನೆ, ಇಷ್ಟು ದಿನ ಈ ಪೆಟ್ಟಿಗೆಯ ಮುಚ್ಚಳ ತೆರೆದು ನೋಡುವ ಕೈ ಒಬ್ಬರಿಗೂ ಇರಲಿಲ್ಲವೇ ಎಂದು ಅವಳು ಕೇಳಿದಳು. ಅರ್ಜುನಪ್ಪ ತಲೆ ತಗ್ಗಿಸಿದ.

ಆಗ ಅವಳು ಮೂಲೆಯ ಕುರ್ಚಿಯ ಕಡೆ ತಿರುಗಿದಳು. ಅಲ್ಲಿ ಕೊಟ್ರೇಶ ಕೂತಿದ್ದ, ಈಶಪ್ಪನ ತಂಗಿಯ ಮಗ. ಕ್ಲಬ್ಬಿನಲ್ಲಿ ಅನಿತಾಳ ನಂತರದ ಗುರಿಕಾರ ಅವನು. ಅವಳಿರುವ ತನಕ ಅವನು ಎರಡನೆಯವನೇ. ಅವಳ ಕಣ್ಣು ಹೋದ ಮೇಲೆ ರಾಜ್ಯದ ಆಯ್ಕೆಗೆ ಹೋಗುವ ಹೆಸರು ಅವನದು. ಬಂದಾಗಿನಿಂದ ಕಾರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದವನು ಈಗ ಅದನ್ನು ಮುಷ್ಟಿಯಲ್ಲಿ ಅಡಗಿಸಿದ.

ನವಮಿಯ ಸಂಜೆ ಎಲ್ಲಿದ್ದೆ ಎಂದು ಕೇಳಿದಳು. ಪೂಜೆ ಮುಗಿಸಿ ಮಾವನ ಕಾರಿನಲ್ಲಿ ನರಗುಂದಕ್ಕೆ ಹೋದೆ, ದಶಮಿ ಇಡೀ ದಿನ ಅಲ್ಲೇ ಬನ್ನಿ ಕೊಡುತ್ತ ಓಡಾಡಿದೆ, ಊರಿಗೆ ಊರೇ ಸಾಕ್ಷಿ ಎಂದ. ಹುಡುಗ ಬೆವರುತ್ತಿದ್ದ, ಆದರೆ ತಡವರಿಸಲಿಲ್ಲ. ಆಮೇಲೆ ಕೇಳದಿದ್ದರೂ ತಾನೇ ಒಂದು ಮಾತು ಸೇರಿಸಿದ. ತಗಡಿನ ವಿಷಯದಲ್ಲಿ ಜಗಳ ಇದ್ದದ್ದು ಅನಿತಾಗೂ ಫಕೀರೇಶನಿಗೂ. ಗೂಟದ ತಗಡು ದಪ್ಪ, ಅದರ ಮೇಲೆ ರೆಡ್ ಡಾಟ್ ಎತ್ತರಕ್ಕೆ ಕೂರುತ್ತದೆ, ಚುಕ್ಕೆ ಹುಡುಕಲು ತಡವಾಗುತ್ತದೆ, ತೆಳ್ಳಂದು ಹಾಕು ಎಂದು ಅವಳು ದಿನವೂ ಹೇಳುತ್ತಿದ್ದಳು. ಅವನು ಒಪ್ಪಿರಲಿಲ್ಲ.

ನುಣುಚಿಕೊಳ್ಳುವುದಕ್ಕೆ ಹೊಸ ದಾರಿ ಎಂದುಕೊಂಡಳು ಅನ್ನಪೂರ್ಣಾ. ಕಣ್ಣು ಕಳೆದುಕೊಂಡವಳ ತಲೆಗೇ ಕಟ್ಟಲು ನೋಡುತ್ತಿದ್ದಾನೆ ಎಂದು ಅವಳಿಗೆ ಇನ್ನಷ್ಟು ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಅರ್ಜುನಪ್ಪ ಅವಳನ್ನು ತಡೆದ.

“ಮೇಡಮ್ಮರ, ಇಲ್ಲಿ ನೋಡ್ರಿ. ಈ ಅಂಚಿನ್ಯಾಗ ಏನೋ ಹಳದಿ ಐತಿ.”

ತಗಡಿನ ಅಂಚಿನ ಸಂದಿಯಲ್ಲಿ, ರೆಡ್ ಡಾಟ್ ಮುಚ್ಚದೆ ಬಿಟ್ಟ ಜಾಗದಲ್ಲಿ, ಹಳದಿ ಪುಡಿ ಹತ್ತಿತ್ತು. ಪಿಸ್ತೂಲಿನ ಹಿಡಿಕೆಯ ಗೆರೆಗಳಲ್ಲೂ ಇತ್ತು. ಅನ್ನಪೂರ್ಣಾ ಕಪಾಟಿನ ಉಳಿದ ಆಯುಧಗಳನ್ನು ತೆಗೆಸಿ ನೋಡಿದಳು. ಅವುಗಳ ಮೇಲೆ ವಿಭೂತಿ ಇತ್ತು, ಕುಂಕುಮ ಇತ್ತು. ಹಳದಿ ಎಲ್ಲಿಯೂ ಇರಲಿಲ್ಲ.

ಈಶಪ್ಪ ಎದ್ದು ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖಕ್ಕೆ ಹೋದ ಜೀವ ಹೊಳ್ಳಿ ಬರುತ್ತಿರುವುದು ಕಾಣುತ್ತಿತ್ತು.

“ಇದು ಭಂಡಾರ,” ಎಂದ. “ಮೈಲಾರಲಿಂಗನ ಭಂಡಾರ. ನಮ್ಮ ಅಯ್ಯನವರು ಇದನ್ನ ಹಚ್ಚಂಗಿಲ್ರಿ. ನಮ್ಮನ್ಯಾಗೂ ಇಲ್ಲ, ಕೊಟ್ರೇಶನ ಮನ್ಯಾಗೂ ಇಲ್ಲ. ಪೂಜಿಗೆ ಇಟ್ಟ ಆಯುಧ ಎತ್ತಿ ಬಿಚ್ಚಿದ ಕೈಗೆ ಅಂಜಿಕಿ ಆಗೇತಿ. ಪೂಜಿ ಮುರದ್ನೆಲ್ಲಪಾ ಅಂತ ತನ್ನ ಮನಿದೇವರ ಭಂಡಾರ ಹಚ್ಚಿ ಇಟ್ಟಾನ. ಹವಾಲ್ದಾರ್ರ, ಫಕೀರೇಶನ್ನ ಹಿಡದಾಗ ತಗದ ಫೋಟೋ ಐತೆಲ್ಲ, ಅವನ ಹಣಿ ಮ್ಯಾಲೆ ಏನಿತ್ತು ನೋಡಿ ಹೇಳ್ರಿ.”

ನೋಡುವ ಅಗತ್ಯ ಅನ್ನಪೂರ್ಣಾಳಿಗೆ ಇರಲಿಲ್ಲ. ಜೈಲಿನಲ್ಲೂ ಆ ಹುಡುಗನ ಹಣೆಯ ಮೇಲೆ ಭಂಡಾರ ಕಂಡಿದ್ದಳು. ಅದಕ್ಕೂ ಮೊದಲು, ಅವನ ತಾಯಿ ಕರಿಯವ್ವ ಬೀಜದಂಗಡಿಯ ಮಾಳಿಗೆ ಹತ್ತಿ ಬಂದು, ಮಗನ್ನ ಬಿಡಿಸ್ರಿ ಅಕ್ಕಾರ ಎಂದು ಕೈ ಮುಗಿದಾಗ, ಸೆರಗಿನ ಗಂಟು ಬಿಚ್ಚಿ ಇವಳ ಹಣೆಗೂ ಒಂದು ಚಿಟಿಕೆ ಹಚ್ಚಿದ್ದಳು.

“ಅವ ಊರಾಗ ಇದ್ದ,” ಎಂದಳು ಅನ್ನಪೂರ್ಣಾ. “ಹಾಲಿಗೆ ಬೀಗ ಇತ್ತು. ಕೀಲಿ ನಿಮ್ಮ ಕಡೆ ಇತ್ತು.”

“ಒಂದ್ ಕೀಲಿ ನನ್ನ ಕಡೆ. ಇನ್ನೊಂದ್ ಕಸಾ ಹೊಡಿಯಾಕಿ ಕಡೆ ಇರ್ತೈತ್ರಿ.” ಈಶಪ್ಪ ಈಗ ಮೆಲ್ಲಗೆ, ಸವಿದು ಮಾತಾಡಿದ. “ಆಕಿ ಯಾರಂತ ನಿಮಗ ಗೊತ್ತಿಲ್ಲೇನ್ರಿ ಮೇಡಮ್ಮರ? ನಿಮ್ಮ ಸಂಗಾಟನ ಬಂದಾಳಲ್ಲ. ಹೊರಗ ಬೇವಿನ ಗಿಡದ ಕೆಳಗ ಕುಂತಾಳ, ನೋಡ್ರಿ.”

ಅನ್ನಪೂರ್ಣಾ ಬಾಗಿಲಿನತ್ತ ತಿರುಗಿ ನೋಡಿದಳು.

ಏನು ಕೆಲಸ ಮಾಡುತ್ತಿ ಎಂದು ಕೇಳಿದಾಗ ಕೂಲಿ ಎಂದಿದ್ದಳು ಕರಿಯವ್ವ. ಹೊಲದ ಕೂಲಿ ಎಂದುಕೊಂಡು ಮುಂದಿನ ಪ್ರಶ್ನೆ ಕೇಳಿರಲಿಲ್ಲ ಇವಳು. ಇಂದು ಬೆಳಿಗ್ಗೆ ಕ್ಲಬ್ಬಿನ ಬಾಗಿಲಿಗೆ ಬಂದಾಗ, ನಾ ಒಳಗ ಬರೂದಿಲ್ರಿ ಎಂದು ಹಿಂದೆ ಸರಿದಿದ್ದಳು. ದೊಡ್ಡವರ ಜಾಗವೆಂದು ಅಂಜುತ್ತಾಳೆ ಎಂದು ಇವಳ ಕರುಳು ಚುರುಕ್ ಅಂದಿತ್ತು. ಥೂ ಇವಳ ಕರುಳಿಗೆ. ಪತ್ತೇದಾರಿಯಂತೆ, ಫಲಕವಂತೆ.

ಅರ್ಜುನಪ್ಪ ಆಗಲೇ ವಿಡಿಯೋ ಮುಗಿಸಿ, ಭಂಡಾರ ಹತ್ತಿದ ತಗಡನ್ನು ಹೊಸ ಪೊಟ್ಟಣಕ್ಕೆ ಹಾಕುತ್ತಿದ್ದ. ಕಂಡದ್ದನ್ನೆಲ್ಲ ಬರೆಯಲೇಬೇಕು, ನಾಳೆ ಕೋರ್ಟಿನ ಮುಂದೆ ಇಡಲೇಬೇಕು ಎಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ಬೇಸರ ಇತ್ತು. ಬಿಚ್ಚಿಸಿದವಳು ಇವಳೇ, ತೋರಿಸಿದವಳು ಇವಳೇ. ತಾಯಿಯ ಕೀಲಿ, ಮಗನ ಭಂಡಾರ. ನಿನ್ನೆಯವರೆಗೆ ಫಕೀರೇಶನ ಮೇಲೆ ಇದ್ದದ್ದು ಬರೀ ಮಾತು. ಈಗ ಅವನ ಕೊರಳಿಗೆ ಸಾಕ್ಷಿ ಕಟ್ಟಿ ಕೊಟ್ಟಂತಾಯಿತು.

ಅವಳು ಹೊರಗೆ ಬಂದಳು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬೇವಿನ ನೆರಳಲ್ಲಿ ಕರಿಯವ್ವ ಮೊಣಕಾಲು ಕಟ್ಟಿ ಕೂತಿದ್ದಳು, ಇವಳನ್ನು ಕಂಡು ಎದ್ದಳು.

“ಪಿಸ್ತೂಲಿಗೆ ಭಂಡಾರ ಹಚ್ಚಿದಾಕಿ ನೀನಽ?”

“ಹೌದ್ರಿ ಅಕ್ಕಾರ.”

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದಕ್ಕೆ ಅನ್ನಪೂರ್ಣಾಳಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಮಗ ಜೈಲಿನಲ್ಲಿ ಒಣಗುತ್ತಿದ್ದಾನೆ, ನೀನು ಬಾಯಿಗೆ ಬೀಗ ಹಾಕಿಕೊಂಡು ನನ್ನನ್ನು ಊರೂರು ಅಲೆದಾಡಿಸಿದೆ, ನನ್ನ ಕೈಯಿಂದಲೇ ಅವನಿಗೆ ಉರುಲು ಹಾಕಿಸಿದೆ ಎಂದು ಬಾಯಿಗೆ ಬಂದಂತೆ ಬೈದಳು. ಕರಿಯವ್ವ ಅಷ್ಟನ್ನೂ ನಿಂತು ಕೇಳಿಸಿಕೊಂಡಳು. ಬೈಗಳು ತೀರಿದ ಮೇಲೆ ನಿಧಾನವಾಗಿ ಹೇಳಿದಳು. ದಶಮಿಯ ನಸುಕಿನಲ್ಲಿ ಕಸ ಹೊಡೆಯಲು ಬಂದು, ಹಾಲಿನ ಬೀಗ ತೆಗೆದಿಟ್ಟು ನೀರು ತರಲು ಹೋಗಿದ್ದಳಂತೆ. ಹೊಳ್ಳಿ ಬರುವಷ್ಟರಲ್ಲಿ ಪೂಜೆಗೆ ಇಟ್ಟ ಪಿಸ್ತೂಲನ್ನು ಎತ್ತಿಕೊಂಡು, ಬಿಚ್ಚಿ, ಬೇರೆ ತಗಡು ಕೂರಿಸುತ್ತ ಒಬ್ಬರು ಕೂತಿದ್ದರಂತೆ. ಬನ್ನಿ ಮುಡಿಯುವ ಮೊದಲೇ ಪೂಜೆ ಮುರಿದರೆ ಆ ಕೈಗೆ ಕೇಡು ಎಂದು ಹೆದರಿ, ಅವರು ಎದ್ದು ಹೋದ ಮೇಲೆ ತಾನೇ ಭಂಡಾರ ಹಚ್ಚಿ ಇಟ್ಟಳಂತೆ.

“ಯಾರು ಅದು?”

“ಹೇಳಾಕ ಬರಂಗಿಲ್ರಿ. ಯಾರಿಗೂ ಹೆಸರ ಹೇಳಬ್ಯಾಡ ಅಂತ ಭಂಡಾರ ಮುಟ್ಟಿಸಿ ಆಣಿ ತಗೊಂಡಾರ. ಆಣಿ ಮುರದ್ರ ಇರೂ ಒಬ್ಬ ಮಗನ್ನೂ ಮೈಲಾರಲಿಂಗ ಉಳಸಂಗಿಲ್ಲ. ಅದಕ್ಕ ನಿಮ್ಮ ಕಡೆ ಬಂದೆ. ನಾ ಹೇಳದಿದ್ರೂ ನೀವ ಹುಡುಕ್ತೀರಿ ಅಂತ.”

ಅನ್ನಪೂರ್ಣಾ ಅವಳ ಎರಡೂ ತೋಳು ಹಿಡಿದಳು. ಹೆಸರು ಬೇಡ, ತಲೆ ಆಡಿಸು ಸಾಕು ಎಂದಳು.

“ಈಶಪ್ಪನಽ?”

ಕರಿಯವ್ವ ಅಲ್ಲವೆಂದು ತಲೆ ಆಡಿಸಿದಳು.

“ಕೊಟ್ರೇಶನಽ?”

ಅಲ್ಲ.

“ನಿನ್ನ ಮಗನಽ? ಖರೇ ಹೇಳು.”

ಮುದುಕಿಯ ಕಣ್ಣು ಕೆಂಪಗಾಯಿತು. ಅಲ್ಲವೆಂದು ಜೋರಾಗಿ ತಲೆ ಆಡಿಸಿದಳು.

“ಮತ್ತ ಯಾರು ಯವ್ವಾ?”

ಕರಿಯವ್ವ ಸುತ್ತ ಒಮ್ಮೆ ನೋಡಿದಳು. ತುಟಿ ಬಿಗಿಹಿಡಿದೇ ಸೆರಗು ಎಳೆದುಕೊಂಡಳು. ಅದರಿಂದ ತನ್ನ ಬಲಗಣ್ಣನ್ನು ಮುಚ್ಚಿ, ಉಳಿದ ಒಂದೇ ಕಣ್ಣಿನಿಂದ ಅನ್ನಪೂರ್ಣಾಳನ್ನು ನೋಡುತ್ತ ನಿಂತಳು.

ಶಿರೋಳದ ಹುಡುಗಿಯ ಯಾವ ಕಣ್ಣು ಹೋಗಿದೆ ಎಂದು ಸುತ್ತಲಿನ ಮೂರು ತಾಲೂಕಿಗೆ ಗೊತ್ತಿತ್ತು.